ಕುರಿ ಸಿನಿಮಾದ ಎರಡನೇ ಡಿಸ್ಕು

ಬಂಡೂರು
ಮಳವಳ್ಳಿ ತಾಲ್ಲೂಕು
೧೫ ಡಿಸೆಂಬರ್ ೨೦೨೪, ಭಾನುವಾರ

ಪ್ರೀತಿಯ ಕನಕಣ್ಣ,

ಹೇಗಿದ್ದೀಯ? ಅಲ್ಲಿ ಹಿಮ ಬೀಳಲು ಶುರುವಾಯಿತಾ? ಬೆರಳು ಮರಗಟ್ಟಿ ಬೂಟಿನ ದಾರ ಕಟ್ಟುವುದೇ ಕಷ್ಟವಾಗಿದೆ ಅಂತ ಹೋದ ಸಲ ಫೋನಿನಲ್ಲಿ ಹೇಳಿದ್ದೆ. ಕಳಿಸಿದ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ವಾಸನೆ ಅಂತ ಮೂಲೆಗೆ ಬಿಸಾಕಿದ್ದೀಯೋ? ಹುಚ್ಚೆಳ್ಳಿನ ಚಟ್ನಿಪುಡಿ ನಿನ್ನ ಹೊಟ್ಟೆಗೆ ಹೋಯಿತೋ, ನಿನ್ನ ಆ ಪಂಜಾಬಿ ಗೆಳೆಯನ ಹೊಟ್ಟೆಗೋ? ಇಲ್ಲಿ ನಾವೆಲ್ಲ ಗುಂಡುಕಲ್ಲಿನ ಹಾಗಿದ್ದೇವೆ. ಅಪ್ಪನ ಮೊಣಕಾಲು ನೋವು ಇದ್ದದ್ದೇ, ಆದರೆ ಕುರಿ ಹಿಂದೆ ಹೊರಟನೆಂದರೆ ಅದರ ನೆನಪೇ ಇರುವುದಿಲ್ಲ. ನಾನು ದಿನಾ ಮಂಡ್ಯದ ಬಸ್ಸಿನಲ್ಲಿ ನಿಂತು ನಿಂತು ಬಿ.ಎಡ್. ಓದುತ್ತಿದ್ದೇನೆ. ಮೇಷ್ಟ್ರಾಗುವ ಮೊದಲೇ ಕಂಡಕ್ಟರಾಗುತ್ತೇನೋ ಏನೋ. ಅವ್ವ ಚೆನ್ನಾಗಿದ್ದಾಳೆ. ಅವ್ವನ ವಿಷಯ ಹೇಳುವುದಕ್ಕೇ ಈ ಕಾಗದ. ಖುಷಿಯ ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ.

ಇದನ್ನು ಫೋನಿನಲ್ಲಿ ಹೇಳಲು ಆಗುವುದಿಲ್ಲ. ನಿಮ್ಮ ಕ್ಯಾಂಪಿನ ಫೋನಿಗೆ ಸರತಿ ನಿಂತು ನೀನು ಮಾಡುವುದು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಅದೂ “ಕೇಳ್ತಾ ಇದೆಯಾ, ಕೇಳ್ತಾ ಇದೆಯಾ” ಅನ್ನುವುದರಲ್ಲೇ ಮುಗಿದುಹೋಗುತ್ತದೆ. ಅಷ್ಟರಲ್ಲಿ ಅವ್ವ ಎದ್ದು ಕೊಟ್ಟಿಗೆ ಸೇರಿರುತ್ತಾಳೆ. ನೀನು ಮೈಸೂರಿಗೆ ಗೆಳೆಯನ ಮದುವೆ ಅಂತ ಸುಳ್ಳು ಹೇಳಿ ಮಂಡ್ಯದ ಸ್ಟೇಡಿಯಮ್ಮಿನಲ್ಲಿ ಓಡಿ, ಗೆದ್ದು, ಮಿಲಿಟರಿ ಸೇರಿದಾಗಿನಿಂದ ಅವ್ವ ನಿನ್ನ ಜೊತೆ ಒಂದು ಮಾತೂ ಆಡಿಲ್ಲ. ಎರಡು ಸಲ ರಜೆಗೆ ಬಂದಾಗಲೂ ಮುದ್ದೆ ಇಟ್ಟಳು, ಸಾರು ಬಿಟ್ಟಳು, ತಲೆಗೆ ಎಣ್ಣೆ ಒತ್ತಿದಳು, ಬಾಯಿ ಮಾತ್ರ ಬಿಡಲಿಲ್ಲ. ಆಮೇಲೆ ನೀನೂ ಹಟ ಹಿಡಿದೆ. ದಸರಾದಲ್ಲಿ ಹೇಳಿದೆಯಲ್ಲ, “ಅವ್ವ ಬಾಯ್ಬುಟ್ಟು ಬಾ ಅನ್ನಗಂಟ ನಾನು ಊರಿಗ್ ಬರಾಕಿಲ್ಲ ಕಣಮ್ಮಿ, ಮೂಗೀ ಕೈಲಿ ಉಣ್ಣಕೆ ಅಷ್ಟ್ ದೂರದಿಂದ ಬರ್ಬೇಕಾ” ಅಂತ. ಆ ಮಾತು ಅವತ್ತಿನಿಂದ ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿದೆ. ಈಗ ಅದನ್ನು ಕಿತ್ತು ಹಾಕುವಂಥ ಸುದ್ದಿ ಸಿಕ್ಕಿದೆ. ಆದರೆ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ನೀನು ಪರೀಕ್ಷೆಯಲ್ಲಿ ಮಾಡುತ್ತಿದ್ದ ಹಾಗೆ ಕೊನೇ ಪುಟಕ್ಕೆ ಹಾರಬೇಡ.

ಬೆಳಕವಾಡಿ ಕಡೆಯ ಬಂಡೆ ಬಯಲಿನಲ್ಲಿ ಯುದ್ಧದ ಸಿನಿಮಾ ತೆಗೆದರು ಅಂತ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ, ನೆನಪಿದೆಯಾ? ಅದು ಕಾಶ್ಮೀರದ ಗಡಿಯ ಹಳ್ಳಿಯಂತೆ. ಹಳ್ಳಿ ಅಂದ ಮೇಲೆ ಕುರಿ ಬೇಡವೇ? ನಮ್ಮ ಕುರಿಗಳನ್ನು ಕರೆದರು. ಬಂಡೂರು ಕುರಿ ಕಾಶ್ಮೀರದಲ್ಲಿ ಎಲ್ಲಿರುತ್ತದೆ ಅಂತ ನಾನು ಕೇಳಿದ್ದಕ್ಕೆ ಅಪ್ಪ, “ನಮ್ ಕುರಿ ಕಂಡ್ರೆ ಕಾಸ್ಮೀರದೋರೂ ಸಾಕ್ತಾರೆ, ನಿಂಗೇನಮ್ಮಿ ನೋವು” ಅಂತ ಗದರಿದ. ನಮ್ಮ ದೊಡ್ಡ ಟಗರನ್ನು ಕೆರೆಗೆ ಇಳಿಸಿ ಮೈ ತೊಳೆದು, ಹಣೆಗೆ ಕುಂಕುಮ ಇಟ್ಟು ಕರೆದುಕೊಂಡು ಹೋದ. ಕುಂಕುಮ ಒರೆಸಿ ಅಂತ ಸಿನಿಮಾದವರು ಹೇಳಿದ್ದಕ್ಕೆ ಮುಖ ಊದಿಸಿಕೊಂಡ. ಅವತ್ತಿನಿಂದ ಊರಿನಲ್ಲಿ ಆ ಸಿನಿಮಾಗೆ ಕುರಿ ಸಿನಿಮಾ ಅಂತಲೇ ಹೆಸರು. ಅದರ ನಿಜವಾದ ಹೆಸರು ಹೇಳಿದರೆ ನಮ್ಮೂರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಫೋನಿನಲ್ಲಿ ಹೇಳದೇ ಇದ್ದದ್ದು ಒಂದಿದೆ. ಸತ್ತ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ನಮ್ಮ ಅವ್ವನನ್ನು ಬಿಟ್ಟರಿಲ್ಲ ಅಂತ ನಿನಗೆ ಗೊತ್ತಲ್ಲ. ಊರೆಲ್ಲ ದೊಡ್ಡಮ್ಮ ಅನ್ನುವ ಅವಳು ಬಂದು ಕೂತು ಒಂದು ಸೊಲ್ಲು ಎತ್ತಿದಳೆಂದರೆ ಸತ್ತವನಿಗೆ ಸಾಲ ಕೊಟ್ಟವನೂ ಕಣ್ಣೊರೆಸಿಕೊಳ್ಳುತ್ತಾನೆ. ಇದು ಹೇಗೋ ಸಿನಿಮಾದವರ ಕಿವಿಗೆ ಬಿತ್ತು. ಸಾವಿನ ಮನೆಯ ಸೀನು, ಗುಂಪಿನಲ್ಲಿ ಕೂತು ಅಳಬೇಕು ಅಂತ ಕರೆದರು. ಯಾರ ಸಾವು ಅಂತ ಇವರು ಹೇಳಲಿಲ್ಲ, ಅವಳು ಕೇಳಲಿಲ್ಲ. ಯಾರೋ ಮುದುಕ ಅಂದುಕೊಂಡು ಒಗೆದ ಸೀರೆ ಉಟ್ಟು ಹೋದಳು. ಕೊನೇ ಗಳಿಗೆಯಲ್ಲಿ ಡೈರೆಕ್ಟ್ರು ಅವಳ ಮುಖ ನೋಡಿ, ಈಕೆಯೇ ತಾಯಿಯಾಗಲಿ ಅಂದರಂತೆ. ಬಾವುಟ ಹೊದಿಸಿದ ಪೆಟ್ಟಿಗೆ ತಂದು ಮುಂದೆ ಇಟ್ಟು ಮುಚ್ಚಳ ತೆಗೆದರು. ಒಳಗೆ ಯೂನಿಫಾರಮ್ಮಿನ ಹುಡುಗ, ನಿನ್ನದೇ ವಯಸ್ಸು, ನಿನ್ನದರ ಹಾಗೇ ಕತ್ತರಿಸಿದ ಕೂದಲು, ನಿನ್ನ ಹಾಗೆಯೇ ಎದ್ದು ಕಾಣುವ ಕಿವಿ. ಕ್ಯಾಮೆರಾ ಓಡುತ್ತಿದೆ. ಅವ್ವ ಎದ್ದು ಹೋಗಿ ಹೆಣದ ಕೆನ್ನೆಗೆ ಫಟಾರನೆ ಒಂದು ಬಿಟ್ಟಳು.

“ಎದ್ದೇಳ್ಲಾ ಮ್ಯಾಕೆ! ಬದುಕಿರೋನು ಇದ್ರೊಳಗೆ ಮನೀಕತಾರೇನ್ಲಾ? ಉಂಡಿದ್ದೀಯಾ? ಎದ್ದು ಮನೆಗ್ ಓಗ್ಲಾ, ನಿಮ್ಮವ್ವ ಕಾಯ್ತಾವ್ಳೆ!” ಅಂತ ಕೂಗಿದಳಂತೆ. ಹೆಣ ಪಾಪ ಎದ್ದು ಕೂತು, ಸಾರಿ ಅಮ್ಮ ಅಂತಂತೆ. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. ಅವ್ವ ಸೆರಗು ಬಾಯಿಗೆ ತುರುಕಿಕೊಂಡು ಅಲ್ಲಿಂದ ಹೊರಟುಬಿಟ್ಟಳು. ಅವಳ ಜಾಗಕ್ಕೆ ನಮ್ಮ ಪಕ್ಕದ ಮನೆ ಯಶೋದಮ್ಮ ಕೂತು, ಗಂಡ ಸತ್ತಾಗಲೂ ಅಳದಷ್ಟು ಅತ್ತಳು. ಅಪ್ಪನಿಗೆ ಅವಮಾನವಾಯಿತು. “ಊರಿನ್ ಸಾವಿಗೆಲ್ಲ ಅಳ್ತೀಯ, ದುಡ್ಡು ಕೊಡೋರ್ ಮುಂದೆ ಮಾನ ಕಳ್ದೆಯಲ್ಲಮ್ಮಿ” ಅಂತ ವಾರಗಟ್ಟಲೆ ಬೈದ. ಅವ್ವ ಅದಕ್ಕೂ ಬಾಯಿ ಬಿಡಲಿಲ್ಲ.

ಸಿನಿಮಾ ಬಿಡುಗಡೆಯಾದಾಗ ಅರ್ಧ ಊರು ಟೆಂಪೋ ಮಾಡಿಕೊಂಡು ಮಂಡ್ಯಕ್ಕೆ ಹೋದೆವು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಯಶೋದಮ್ಮನ ಅಳು ಇಲ್ಲ, ಪೆಟ್ಟಿಗೆ ಇಲ್ಲ, ಹಳ್ಳಿಯೇ ಇಲ್ಲ. ನಮ್ಮ ಟಗರಿನ ಹಿಂಭಾಗ ಒಂದು ಚಣ ಬಂದು ಹೋಯಿತು. “ಅದೇ, ಅದೇ ನಮ್ದು” ಅಂತ ಅಪ್ಪ ಎದ್ದು ನಿಂತು ಕೂಗಿ, ಹಿಂದಿನ ಸೀಟಿನವರ ಕೈಯಲ್ಲಿ ಬೈಸಿಕೊಂಡ. ಮುಂಭಾಗ ಬರುತ್ತದೆ ಅಂತ ಕೊನೇವರೆಗೂ ಕಾದು, ತೆರೆ ಮೇಲೆ ಹೆಸರುಗಳು ಓಡುವಾಗಲೂ ಕೂತೇ ಇದ್ದ. ಯಶೋದಮ್ಮ ವಾಪಸು ಬರುವಾಗ ಟೆಂಪೋದಲ್ಲಿ ನಿಜವಾಗಿ ಅತ್ತಳು.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆವು. ಹೋದ ತಿಂಗಳು ಅಪ್ಪನ ಹೆಸರಿಗೆ ಕೊರಿಯರಿನಲ್ಲಿ ಒಂದು ಡಬ್ಬಿ ಬಂತು. ಮೇಲೆ ಬಂದೂಕು ಹಿಡಿದ ಹೀರೋ, ಒಳಗೆ ಎರಡು ಡಿಸ್ಕು. ಸಿನಿಮಾ ಮನೆಯಲ್ಲಿ ನೋಡುವುದಕ್ಕೆ ಅಂತ ಹೊರಬಿಟ್ಟಿದ್ದಾರೆ. ಷೂಟಿಂಗಿನ ಹೊತ್ತಿಗೆ, ಷೂಟಿಂಗ್ ಹೇಗೆ ನಡೆಯುತ್ತದೆ ಅಂತಲೇ ಬೇರೆ ವಿಡಿಯೋ ತೆಗೆಯುತ್ತಿದ್ದ ಒಬ್ಬಳು ಹುಡುಗಿ ಇದ್ದಳು. ಕೂದಲು ಗಿಡ್ಡ, ಪ್ಯಾಂಟಿನ ತುಂಬ ಜೇಬು. ಅವಳೇ ನೆನಪಿಟ್ಟುಕೊಂಡು ಕಳಿಸಿದ್ದಾಳೆ. ಮೊದಲನೇ ಡಿಸ್ಕಿನಲ್ಲಿ ಸಿನಿಮಾ, ಎರಡನೆಯದರಲ್ಲಿ ಬೋನಸ್ಸು. ಬೋನಸ್ಸು ಅಂದರೆ ಏನು ಅಂತ ಅಪ್ಪ ಕೇಳಿದ. ಸಂತೆಯಲ್ಲಿ ಸೊಪ್ಪು ಕೊಂಡರೆ ಮೇಲೆ ಒಂದು ಹಿಡಿ ಕೊತ್ತಂಬರಿ ಕೊಸರು ಹಾಕುವುದಿಲ್ಲವಾ, ಹಾಗೆ, ಸಿನಿಮಾ ತೆಗೆಯುವಾಗ ಮಿಕ್ಕಿದ್ದನ್ನೆಲ್ಲ ಕೊಸರು ಕೊಟ್ಟಿದ್ದಾರೆ ಅಂದೆ. ಡಬ್ಬಿಯ ಹಿಂದೆ ಬರೆದಿತ್ತು, ಕೈಬಿಟ್ಟ ದೃಶ್ಯಗಳು ಅಂತ. ಅದನ್ನು ಓದಿದ ಕೂಡಲೇ ನಾನು ಕಿರುಚಿದ ರಭಸಕ್ಕೆ ಕೋಳಿಗಳು ಹಿತ್ತಲು ಬಿಟ್ಟು ಓಡಿದವು.

ಡಿಸ್ಕು ಬಂತು, ಹಾಕುವುದು ಯಾವುದರಲ್ಲಿ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಳವಳ್ಳಿಯ ಅಂಗಡಿಯವನಿಗೆ ಪ್ಲೇಯರ್ ಇದೆಯಾ ಅಂತ ಕೇಳಿದರೆ, “ಯಾವ್ ಕಾಲ್ದಲ್ಲಿದ್ದೀಯಮ್ಮ, ಮೊಬೈಲಲ್ಲಿ ನೋಡು” ಅಂದ. ಮೊಬೈಲಿನಲ್ಲಿ ಸಿನಿಮಾ ಸಿಗುತ್ತದೆ, ಕೊಸರು ಸಿಗುವುದಿಲ್ಲ ಅಂತ ಅವನಿಗೆ ಹೇಗೆ ತಿಳಿಹೇಳಲಿ? ಮಂಡ್ಯದಲ್ಲಿ ಪೇಟೆಬೀದಿ ಪೂರ್ತಿ ಅಲೆದೆ. ಕೊನೆಗೆ ನನ್ನ ಕ್ಲಾಸಿನ ಶೋಭಿತಾ, ಮದ್ದೂರಿನ ತನ್ನ ಅತ್ತೆಮನೆಯಲ್ಲಿ ಮದುವೆಗೆ ಕೊಟ್ಟ ಪ್ಲೇಯರ್ ಬಟ್ಟೆ ಸುತ್ತಿದ ಹಾಗೇ ಅಟ್ಟದ ಮೇಲಿದೆ ಅಂದಳು. ಹೋಗಿ ತಂದೆ. ತೊಡೆಯ ಮೇಲೆ ಪ್ಲೇಯರು, ಅದರ ಮೇಲೆ ಮದ್ದೂರು ವಡೆಯ ಪೊಟ್ಟಣ, ಹಸುಗೂಸು ಎತ್ತಿಕೊಂಡವಳ ಹಾಗೆ ಬಸ್ಸಿನಲ್ಲಿ ಬಂದೆ. ಅದರ ವೈರು ನಮ್ಮ ಹೊಸ ಟೀವಿಗೆ ಹೊಂದಲಿಲ್ಲ, ಯಶೋದಮ್ಮನ ಹಳೇ ಡಬ್ಬಾ ಟೀವಿಗೆ ಹೊಂದಿತು. ಹೋದ ಭಾನುವಾರ ಮಧ್ಯಾಹ್ನ ಅವಳ ನಡುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಬೀದಿಯವರೆಲ್ಲ ಕೂತೆವು. ಅವ್ವ ಬರುವುದಿಲ್ಲ ಅಂದಳು. ಯಶೋದಮ್ಮ ಬಿಡಬೇಕಲ್ಲ. “ಬಾರೆ ದೊಡ್ಡಮ್ಮ, ನಾನ್ ಎಂಗ್ ಅತ್ತಿವ್ನಿ ನೀನೇ ನೋಡಿ ಏಳ್ಬೇಕು” ಅಂತ ಕೈ ಹಿಡಿದು ಎಳೆದು ತಂದಳು. ಅವ್ವ ಹೊಸ್ತಿಲ ಪಕ್ಕ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂತಳು.

ಮೊದಲನೇ ಡಿಸ್ಕನ್ನು ಆ ಪ್ಲೇಯರು ಉಗಿದುಬಿಟ್ಟಿತು. ಅದು ಹೊಸ ಕಾಲದ ಡಿಸ್ಕಂತೆ, ಈ ಹಳೇ ಬಾಯಿಗೆ ರುಚಿಸುವುದಿಲ್ಲವಂತೆ. ಎಲ್ಲರೂ ಹಣೆ ಚಚ್ಚಿಕೊಂಡರು. ಎರಡನೆಯದನ್ನು ಹಾಕಿದೆ. ಗರ್ ಅಂತ ಸುತ್ತಿ, ಹಾಡು ಬಂತು! ನನಗೆ ಬಂದ ಖುಷಿಗೆ ಮೇಷ್ಟ್ರ ಹಾಗೆ ಟೀವಿ ಪಕ್ಕ ನಿಂತು, ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಹೇಳುತ್ತ ಹೋದೆ. ಎಂಥ ಚೆಂದ ಅಂತೀಯ! ಬಾಂಬು ಸಿಡಿಯುವುದು ಹೇಗೆ, ಹಿಮ ಬೀಳಿಸುವುದು ಹೇಗೆ, ಎಲ್ಲ ಬಿಚ್ಚಿಟ್ಟಿದ್ದಾರೆ. ಬೆಳಕವಾಡಿಯ ಬಿಸಿಲಿನಲ್ಲಿ ಸುರಿದ ಆ ಹಿಮ ಕಾಗದದ ಚೂರಂತೆ. ನಮ್ಮ ಟಗರು ಅದನ್ನು ಮೇಯುತ್ತ ನಿಂತಿದೆ, ಮೂರು ಜನ ಅದನ್ನು ಎಳೆಯುತ್ತಿದ್ದಾರೆ, ಅದು ಕದಲುತ್ತಿಲ್ಲ. ಮುಂಭಾಗವೇ ಕಣೋ, ಕಣ್ಣು ಕಿವಿ ಮೂತಿ ಸಮೇತ! ಅಪ್ಪ ಮೀಸೆ ಸವರಿದ.

ಆಮೇಲೆ ಬಂದದ್ದು ಇನ್ನೂ ದೊಡ್ಡದು. ಸಿನಿಮಾಗೆ ಸದ್ದು ಕೂಡಿಸುವವನೊಬ್ಬ ಕಿವಿಗೆ ಗುಬುಟಿನಂಥ ಹೆಡ್‌ಫೋನು ಹಾಕಿಕೊಂಡು ಕೂತು ವಿವರಿಸುತ್ತಾನೆ. ನಸುಕಿನಲ್ಲಿ ಸೈನ್ಯ ಕಣಿವೆ ದಾಟುವ ಸೀನು ಇದೆಯಲ್ಲ, ಅದಕ್ಕೆ ನಿಜವಾದ ಬೂಟಿನ ಸದ್ದು ಸಾಲಲಿಲ್ಲವಂತೆ. ಸಂಜೆ ಅಪ್ಪ ಕುರಿಗಳನ್ನು ಬಂಡೆ ಮೇಲೆ ಹೊಡೆದುಕೊಂಡು ಬರುವಾಗ ಗೊರಸಿನ ಸದ್ದು ಕೇಳಿ, ಮೈಕು ಹಿಡಿದು, ಅದನ್ನೇ ನಿಧಾನ ಮಾಡಿ ಹಾಕಿದನಂತೆ. ನಾನು ಇದನ್ನು ಹೇಳಿದ್ದೇ ತಡ ಅಪ್ಪ ಎದ್ದು ನಿಂತ. “ಅಂಗಾರೆ ಆ ಮಿಲ್ಟ್ರಿಯೆಲ್ಲಾ ನಮ್ ಕುರೀನಾ?” ಅಂದ. ಹೌದು ಅಂದೆ. “ಮುಂಡೇವು, ತೆರೆ ಮ್ಯಾಲೆ ಬಾಲ ತೋರ್ಸಿ, ಕಾಲ್ ಮಾತ್ರ ಪೂರ್ತಿ ಇಸ್ಕಂಡವ್ರೆ” ಅಂತ ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಈಗ ಊರಿನಲ್ಲಿ ಯಾರು ಸಿಕ್ಕರೂ ಇದೇ ಕಥೆ. ಸಂತೆಯಲ್ಲಿ ಮರಿ ಕೊಳ್ಳಲು ಬಂದವನಿಗೆ, ಇದು ಯುದ್ಧ ಮಾಡಿದ ವಂಶ ಅಂತ ಹೇಳಿದನಂತೆ.

ಕೈಬಿಟ್ಟ ದೃಶ್ಯಗಳು ಬಂದವು. ಯಶೋದಮ್ಮನ ಅಳು ಪೂರ್ತಿ ಇತ್ತು. ಚೆನ್ನಾಗಿಯೇ ಅತ್ತಿದ್ದಾಳೆ, ಆದರೆ ಪ್ರತಿ ಸೊಲ್ಲಿಗೂ ಒಂದು ಕಣ್ಣು ಕ್ಯಾಮೆರಾ ಕಡೆಗೇ. ಯಾಕೆ ತೆಗೆದರು ಅಂತ ಎಲ್ಲರಿಗೂ ಗೊತ್ತಾಯಿತು, ಅವಳೊಬ್ಬಳನ್ನು ಬಿಟ್ಟು. ಅದರ ಹಿಂದೆಯೇ ಅವ್ವ ಹೆಣಕ್ಕೆ ಹೊಡೆದದ್ದು ಬಂತು. ಕೆಳಗೆ ಇಂಗ್ಲಿಷ್ ಅಕ್ಷರ. ಅವ್ವ ಬೈದದ್ದನ್ನೆಲ್ಲ ತೊಳೆದು ಮಡಿ ಮಾಡಿ ಹಾಕಿದ್ದಾರೆ. “ಎದ್ದೇಳ್ಲಾ” ಅಂದದ್ದು ಅಲ್ಲಿ “ಏಳು ಕಂದಾ” ಅಂತಾಗಿದೆ. ಜನ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಅವ್ವ ತಲೆ ಎತ್ತದೆ ಕಾಯಿ ಸುಲಿಯುತ್ತಿದ್ದಳು.

ಅಲ್ಲಿಗೆ ನಿಲ್ಲುತ್ತದೆ ಅಂದುಕೊಂಡರೆ ನಿಲ್ಲಲಿಲ್ಲ. ಆ ಹುಡುಗಿ ತನ್ನ ಕ್ಯಾಮೆರಾ ಹಿಡಿದು ಅವ್ವನ ಹಿಂದೆಯೇ ಹೋಗಿದ್ದಾಳೆ. ಜನರೇಟರ್ ವ್ಯಾನಿನ ಹಿಂದೆ ಹೊಂಗೆ ಮರ, ಅದರ ಬುಡದಲ್ಲಿ ಅವ್ವ. ಹುಡುಗಿ ಪಕ್ಕದಲ್ಲಿ ಕೂತು ನೀರು ಕೊಟ್ಟಳು, ಒಂದು ಮಾತೂ ಕೇಳಲಿಲ್ಲ. ಅವ್ವ ತಾನಾಗಿ ಶುರುಮಾಡಿದಳು. ಅಣ್ಣ, ಅವಳು ಹೇಳಿದ್ದನ್ನು ಅವಳ ಬಾಯಲ್ಲಿ ಬಂದ ಹಾಗೇ ಬರೆಯುತ್ತೇನೆ. ಆಮೇಲೆ ನಾನೊಬ್ಬಳೇ ಎಷ್ಟೋ ಸಲ ಹಾಕಿ ನೋಡಿದ್ದೇನೆ, ಒಂದು ಅಕ್ಷರ ಆಚೀಚೆ ಇಲ್ಲ.

“ನಿಂಗೆ ಕನ್ನಡ ಬರಾಕಿಲ್ಲ, ಅದ್ಕೇ ಏಳ್ತೀನಿ ಕಣವ್ವ. ನನ್ ಮಗ ಮಿಲ್ಟ್ರೀಲವ್ನೆ. ಅವನು ಓದ್ ದಿನವೇ ದಂಡಿನ್ ಮಾರಮ್ಮನ ಗುಡೀಗೋಗಿ ಅರಕೆ ಕಟ್ಕಂಡೆ. ಕಾಸೀಗೋದೋರು ಇಷ್ಟವಾದ ಅಣ್ಣು ಬುಟ್ಬುಟ್ಟು ಬತ್ತಾರಲ್ಲ, ಅಂಗೆ. ನಂಗೆ ಅಣ್ಣೂ ಬ್ಯಾಡ, ಸೀರೇನೂ ಬ್ಯಾಡ, ನಂಗೆ ಇಷ್ಟ ಅಂದ್ರೆ ನನ್ ಮಗನ್ ಜತೆ ಮಾತು. ಸಂಜೇಲಿ ಅವನು ಕುರಿ ಕೂಡಿ ಬಂದು ಒಲೆ ಮುಂದೆ ಕೂತ್ಕಂಡು ಮಾತಾಡೋನು, ನಾನು ಮುದ್ದೆ ತಿರುವ್ತಾ ಮಾತಾಡ್ತಿದ್ದೆ. ಅದ್ನೇ ಬುಟ್ಟೆ ತಾಯಿ ಅಂದೆ. ಅವನು ಮಿಲ್ಟ್ರಿ ಬುಟ್ಟು ಗಟ್ಟಿಯಾಗಿ ಮನೆ ಸೇರಗಂಟ ಒಂದ್ ಮಾತೂ ಆಡಾಕಿಲ್ಲ, ನೀನು ಅವನ್ನ ಕಾಯ್ಬೇಕು ಅಂದೆ. ಅರಕೆ ಬಾಯ್ಬುಟ್ಟು ಏಳಿದ್ರೆ ಫಲ ಇಲ್ಲ. ಅದ್ಕೆ ಯಾರ್ಗೂ ಏಳಿಲ್ಲ. ಪೋನ್ ಬಂದ್ರೆ ಕೊಟ್ಟಿಗೆಗ್ ಓಡ್ತೀನಿ, ಅವನ ದನಿ ಕೇಳುದ್ರೆ ನನ್ ಬಾಯಿ ನನ್ ಮಾತ್ ಕೇಳಾಕಿಲ್ಲ. ನಮ್ಮವ್ವಂಗೆ ಕ್ವಾಪ ಅಂತ ಅವನ್ ಅನ್ಕಂಡವ್ನೆ. ಅನ್ಕಳ್ಳಿ ಬುಡು. ಬದುಕಿದ್ರೆ ಕ್ವಾಪ ಯಾವಾಗ್ ಬೇಕಾದ್ರೂ ತೀರುಸ್ಕಬೌದು. ಅಂತಾದ್ರಲ್ಲಿ ಇವತ್ತು ಅವರು ಪೆಟ್ಗೆ ತಂದು ಮುಂದಿಟ್ಟು ಅಳು ಅಂದ್ರು. ನಾನ್ ಎಂಗವ್ವ ಅಳ್ಳಿ?”

ಹುಡುಗಿಗೆ ಕನ್ನಡ ಬರುತ್ತಿತ್ತೋ, ಆಮೇಲೆ ಯಾರಿಂದಲೋ ಹೇಳಿಸಿಕೊಂಡಳೋ ಗೊತ್ತಿಲ್ಲ. ಕ್ಯಾಮೆರಾ ಅಲ್ಲಾಡುತ್ತಿತ್ತು. ಅವಳು ಅಳುತ್ತಿದ್ದಳು ಅಂತ ನನಗೆ ಅನ್ನಿಸುತ್ತದೆ. ನಡುಮನೆಯಲ್ಲಿ ನಾವೆಲ್ಲ ಒಟ್ಟಿಗೆ ಹೊಸ್ತಿಲ ಕಡೆ ತಿರುಗಿದೆವು. ಅವ್ವನ ಮೊರ ಮಗುಚಿಕೊಂಡಿತ್ತು, ಕಾಳೆಲ್ಲ ನೆಲದ ಮೇಲೆ. ಅಪ್ಪ ಮೊದಲು ಬಾಯಿ ತೆರೆದ. “ನಾಕ್ ವರ್ಸದಿಂದ ನಿನ್ನ ಕಲ್ಲು ಕಲ್ಲು ಅಂತ ಬಯ್ತಿದ್ನಲ್ಲಮ್ಮಿ, ನಂಗಾದ್ರೂ ಏಳ್ಬಾರ್ದಾಗಿತ್ತಾ?” ಅವ್ವ, “ಏಳಿದ್ರೆ ಅದು ಅರಕೆಯಾ?” ಅಂದಳು. ಅಷ್ಟೇ ಹೇಳಿ ಎದ್ದು ಮನೆಗೆ ನಡೆದಳು. ಅಪ್ಪ ಮೊಣಕಾಲೂರಿ ಕೂತು ಆ ಅವರೆಕಾಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ತುಂಬಿದ. ಅಪ್ಪ ಮನೆಯ ಕಾಳು ಮುಟ್ಟಿದ್ದನ್ನು ನೀನು ಯಾವತ್ತಾದರೂ ನೋಡಿದ್ದೀಯಾ?

ನನಗೆ ಕುಣಿಯುವಷ್ಟು ಖುಷಿ. ಅವ್ವನಿಗೆ ನಿನ್ನ ಮೇಲೆ ಕೋಪವೇ ಇರಲಿಲ್ಲ ಕಣೋ, ಒಂದು ದಿನವೂ ಇರಲಿಲ್ಲ! ಆದರೆ ಅವ್ವ ಅವತ್ತಿನಿಂದ ಸರಿಯಾಗಿ ಉಣ್ಣಲಿಲ್ಲ. ಹರಕೆ ಬೀದಿಯವರ ಕಿವಿಗೆಲ್ಲ ಬಿತ್ತು, ಇನ್ನು ನಿನ್ನನ್ನು ಕಾಯುವವರು ಯಾರು ಅಂತ ಅವಳ ಸಂಕಟ. ಶುಕ್ರವಾರ ನಾನೂ ಅವಳೂ ಮಳವಳ್ಳಿಗೆ, ದಂಡಿನ ಮಾರಮ್ಮನ ಗುಡಿಗೆ ಹೋದೆವು. ಹರಕೆ ನಿಂತಿದ್ದರೆ ಬಲಗಡೆ ಹೂ ಕೊಡು, ಕೆಟ್ಟಿದ್ದರೆ ಎಡಗಡೆ ಕೊಡು ಅಂತ ಕೇಳಿಸಿದೆವು. ಪೂಜಾರಪ್ಪ ತಾಯಿಗೆ ಹೂವು ಇಟ್ಟು ಪಕ್ಕಕ್ಕೆ ಸರಿದ. ನಿಜ ಹೇಳಲಾ? ಬಸ್ಸಿನಲ್ಲಿ ಹೋಗುವಾಗ ಎಡಗಡೆಯೇ ಬೀಳಲಿ ಅಂತ ಬೇಡಿಕೊಂಡು ಹೋಗಿದ್ದೆ. ಹರಕೆ ಹೋದರೆ ಅವ್ವ ನಾಳೆಯೇ ನಿನ್ನ ಜೊತೆ ಮಾತಾಡುತ್ತಾಳೆ, ನೀನು ಊರಿಗೆ ಬರುತ್ತೀಯ. ಆದರೆ ಗುಡಿಯೊಳಗೆ ಅವ್ವನ ಮುಖ ನೋಡಿದ ಮೇಲೆ ನನ್ನ ಬಾಯಲ್ಲಿ ತಾನಾಗೇ ಬಲ, ಬಲ ಅಂತ ಬಂತು. ಬಲಕ್ಕೇ ಬಿತ್ತು ಅಣ್ಣ. ಕೆಂಪು ಕಣಗಿಲೆ, ತೊಟ್ಟು ಸಮೇತ. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ಹೊರಗೆ ಬಂದು, ಹೊಟ್ಟೆ ಹಸೀತದೆ ಅಂತ ಬಸ್ ಸ್ಟ್ಯಾಂಡಿನಲ್ಲಿ ಎರಡು ಪ್ಲೇಟು ಬೋಂಡ ತಿಂದಳು.

ಅಂದರೆ ಹರಕೆ ನಿಂತಿದೆ. ನಿನ್ನ ಸರ್ವಿಸ್ಸು ಮುಗಿಯುವವರೆಗೂ ಅವ್ವ ನಿನ್ನ ಜೊತೆ ಮಾತಾಡುವುದಿಲ್ಲ. ಇನ್ನೂ ಎಷ್ಟು ವರ್ಷ ಅಂತ ನಿನಗೇ ಗೊತ್ತು. ಆದರೆ ಅವಳು ಬಾಯಿ ಕಟ್ಟಿಕೊಂಡಿರುವುದು ನಿನ್ನ ಜೀವಕ್ಕೆ, ನೀನು ಊರಿಗೆ ಬರದೇ ಇರುವುದು ನಿನ್ನ ಹಟಕ್ಕೆ. ಯಾವುದನ್ನು ಬಿಡುವುದು ಸುಲಭ, ನೀನೇ ಹೇಳು. ಸಂಕ್ರಾಂತಿಗೆ ರಜೆ ಬರೆದು ಹಾಕು, ಸಂಕ್ರಾಂತಿಗೆ ಆಗದಿದ್ದರೆ ಯುಗಾದಿಗಾದರೂ ಹಾಕು. ಬಂದು ಒಲೆ ಮುಂದೆ ಕೂರು. ಮಾತೆಲ್ಲ ನೀನೇ ಆಡು, ಅವಳು ಮುದ್ದೆ ತಿರುವಲಿ. ಈಗ ಅವಳು ಯಾಕೆ ಸುಮ್ಮನಿದ್ದಾಳೆ ಅಂತ ನಿನಗೆ ಗೊತ್ತು. ಗೊತ್ತಿದ್ದೂ ಬರಲಿಲ್ಲವೆಂದರೆ ನಾನೂ ನಿನ್ನ ಜೊತೆ ಮಾತು ಬಿಡುತ್ತೇನೆ, ಹರಕೆ ಗಿರಕೆ ಏನೂ ಇಲ್ಲದೆ.

ಪ್ಲೇಯರನ್ನು ಶೋಭಿತಾಗೆ ವಾಪಸು ಕೊಡಬೇಕು, ಯಶೋದಮ್ಮ ಬಿಡುತ್ತಿಲ್ಲ. ದಿನಾ ಮಧ್ಯಾಹ್ನ ತನ್ನ ಅಳು ಹಾಕಿಸಿಕೊಂಡು ನೋಡುತ್ತಾಳೆ. ಅಪ್ಪನ ಆಶೀರ್ವಾದ ತಗೋ, ಬೀದಿಯವರೆಲ್ಲ ಕೇಳಿದರು ಅಂತ ತಿಳಿದುಕೋ, ಪಂಜಾಬಿ ಗೆಳೆಯನಿಗೆ ನನ್ನ ನಮಸ್ಕಾರ ಹೇಳು. ಮೈ ಬೆಚ್ಚಗೆ ಇಟ್ಟುಕೋ. ದಂಡಿನ ಮಾರಮ್ಮ ನಿನ್ನ ಬೆನ್ನಿಗಿದ್ದಾಳೆ, ಅವಳ ಬೆನ್ನಿಗೆ ನಮ್ಮ ಅವ್ವ ಇದ್ದಾಳೆ.

ನಿನ್ನ ಮುದ್ದಿನ ತಂಗಿ,
ಹೇಮಶ್ರೀ

ಮತ್ತೆ: ಕವರಿಗೆ ಅಂಟು ಹಚ್ಚುವಾಗ ಅವ್ವ ಬಂದು, ಯಾರಿಗಮ್ಮಿ ಅದು ಅಂದಳು. ಹೇಳಿದೆ. ಅವಳು “ನಾನ್ ಅರಕೆ ಕಟ್ಕಂಡಿರೋದು ಅವನ್ ಜತೆ ಮಾತಾಡಾಕಿಲ್ಲ ಅಂತ. ನಿನ್ ಜತೆ ಮಾತಾಡಾಕಿಲ್ಲ ಅಂತ ಅಲ್ವಲ್ಲ?” ಅಂದಳು. ಇನ್ನು ಮುಂದೆ ನಿನ್ನ ಫೋನು ಬಂದಾಗ ನಾನು ಅದನ್ನು ಕೈಯಲ್ಲಿ ಹಿಡಿದು ಅವಳ ಎದುರಿಗೆ ಕೂರಬೇಕಂತೆ. ಅವಳು ನನ್ನ ಜೊತೆ ಮಾತಾಡುತ್ತಾಳಂತೆ, ನಡುವೆ ಯಾರಾದರೂ ಕೇಳಿಸಿಕೊಂಡರೆ “ಅದು ಅವರ್ ಅಣೇಬರ” ಅಂತೆ. ಅಣ್ಣ, ನಿನ್ನ ದಮ್ಮಯ್ಯ, ನೀನು ಮಾತ್ರ ತುಟಿ ಬಿಚ್ಚಬೇಡ. ಅವ್ವ ಅಂತ ಒಂದು ಸಲ ಅಂದರೂ ಅವಳು ಓ ಅಂದುಬಿಡುತ್ತಾಳೆ, ಹರಕೆ ಹೋಗುತ್ತದೆ. ಇಷ್ಟು ಹೇಳಿ ಹೋದವಳು ಈಗ ಮತ್ತೆ ವಾಪಸು ಬಂದು, “ಕೆಮ್ಮುದ್ರೆ ಅದು ಮಾತಾಯ್ತದೇನಮ್ಮಿ?” ಅಂತ ಕೇಳಿದಳು. ಇಲ್ಲ ಅಂದೆ. “ಅಂಗಾರೆ ಅದ್ನೂ ಬರಿ” ಅಂದಳು. ಒಂದು ಸಲ ಕೆಮ್ಮು ಅಣ್ಣ. ಅವಳಿಗೆ ಅಷ್ಟು ಸಾಕಂತೆ.